ಪಂದ್ಯದ ಹಾಯಿದೋಣಿಯಲ್ಲಿ ಭಾರದ ಮೇಜು: ಕೀಳುವ ಮೊದಲು ಅದನ್ನು ಯಾರು ಹಿಡಿದು ನಿಲ್ಲುತ್ತಾರೆ ನೋಡಿ

ಪ್ರಶ್ನೆ: ನಾನು ಷಿಕಾಗೋ ಬಳಿ ನೆಲೆಸಿರುವ ಕನ್ನಡಿಗ. ಇಬ್ಬರು ಗೆಳೆಯರ ಜೊತೆ ಸೇರಿ ಕಳೆದ ವರ್ಷ 36 ಅಡಿ ಉದ್ದದ, ಇಪ್ಪತ್ತು ವರ್ಷ ಹಳೆಯ ಹಾಯಿದೋಣಿಯೊಂದನ್ನು ಕೊಂಡೆ. ತೂಕ ಸುಮಾರು ಆರು ಟನ್. ಬುಧವಾರ ಸಂಜೆಯ ಪಂದ್ಯಗಳಲ್ಲಿ ಓಡಿಸುತ್ತೇವೆ. ಬರುವ ಜುಲೈನಲ್ಲಿ ಷಿಕಾಗೋದಿಂದ ಮ್ಯಾಕಿನಾ ದ್ವೀಪದವರೆಗಿನ ದೂರಪಂದ್ಯಕ್ಕೂ ಇಳಿಯುವ ಆಸೆಯಿದೆ. ಕ್ಯಾಬಿನ್ನಿನ ನಟ್ಟನಡುವೆ ತೇಗದ ಹೊದಿಕೆಯ ದಪ್ಪ ಮೇಜು ಇದೆ, ಎರಡೂ ಕಡೆ ಮಡಚುವ ರೆಕ್ಕೆಗಳು, ನಡುವೆ ಬಾಟಲಿ ಇಡುವ ಪೆಟ್ಟಿಗೆ. ಚಳಿಗಾಲಕ್ಕೆ ದೋಣಿಯನ್ನು ದಡಕ್ಕೆ ಏರಿಸಿದ ಮೇಲೆ ಮೇಜನ್ನು ಬಿಚ್ಚಿ ತೂಗಿದೆವು: 26 ಕಿಲೋ. ತಂಡದವರು ಅದನ್ನು ಮನೆಯಲ್ಲೇ ಬಿಟ್ಟುಬಿಡಿ ಎನ್ನುತ್ತಾರೆ. ಭಾನುವಾರ ಹೆಂಡತಿ, ಮಕ್ಕಳು, ಬೇಸಿಗೆಗೆ ಶಿವಮೊಗ್ಗದಿಂದ ಬರುವ ತಾಯಿ ಅದೇ ದೋಣಿಯಲ್ಲಿ ಇರುತ್ತಾರೆ. ಕಾರ್ಬನ್ ಫೈಬರಿನ ಹಗುರ ಮೇಜು ಮಾಡಿಸಿದರೆ ವೇಗ ಹೆಚ್ಚುತ್ತದೆಯೇ? ಮೇಜೇ ಇಲ್ಲದಿದ್ದರೆ ಏನಾಗುತ್ತದೆ?

ಉತ್ತರ: ಮೊದಲು ವೇಗದ ಲೆಕ್ಕ ಮುಗಿಸೋಣ, ಏಕೆಂದರೆ ಅದು ಬೇಗ ಮುಗಿಯುತ್ತದೆ.

ನಿಮ್ಮ ಅಳತೆಯ ದೋಣಿ ನೀರಿನ ಮೇಲ್ಮೈಯಲ್ಲಿ ಸುಮಾರು ಇಪ್ಪತ್ತು ಚದರ ಮೀಟರ್ ಜಾಗ ಹಿಡಿಯುತ್ತದೆ. ಹಾಗಾಗಿ ಅದನ್ನು ಒಂದು ಸೆಂಟಿಮೀಟರ್ ಮೇಲೆತ್ತಬೇಕಾದರೆ ಇನ್ನೂರು ಕಿಲೋದಷ್ಟು ಭಾರ ಇಳಿಸಬೇಕು. 26 ಕಿಲೋ ಮೇಜಿನ ಬದಲು 7 ಕಿಲೋದ ಮೇಜು ಕೂರಿಸಿದರೆ ಉಳಿಯುವುದು 19 ಕಿಲೋ. ದೋಣಿ ಮೇಲೇಳುವುದು ಒಂದು ಮಿಲಿಮೀಟರ್. ಒಟ್ಟು ತೂಕದಲ್ಲಿ ಇದು ಶೇಕಡಾ 0.3. ಗಾಳಿ ಮಂದವಾಗಿರುವ ದಿನ ಒಂದು ಗಂಟೆಯ ಪಂದ್ಯದಲ್ಲಿ ಇದರಿಂದ ಮೂರು ನಾಲ್ಕು ಸೆಕೆಂಡು ದಕ್ಕಬಹುದು, ಅದೂ ಉದಾರವಾಗಿ ಲೆಕ್ಕ ಹಾಕಿದರೆ. ಪಂದ್ಯದ ದಾರಿಯಲ್ಲಿ ಸುತ್ತಬೇಕಾದ ಗುರುತು ತೇಲುವೆಯನ್ನು ಒಂದು ಸಲ ಕೆಟ್ಟದಾಗಿ ಸುತ್ತಿದರೆ ಇದರ ಹತ್ತರಷ್ಟು ಹೊತ್ತು ಕಳೆದುಹೋಗುತ್ತದೆ.

ಭಾರ ಎಷ್ಟಿದೆ ಎಂಬುದರ ಜೊತೆ ಎಲ್ಲಿದೆ ಎಂಬುದೂ ಮುಖ್ಯ. ಅಲೆಗೆ ಎದುರಾಗಿ ಹೋಗುವಾಗ ದೋಣಿ ಮೂತಿ ಎತ್ತಿ ಕುಕ್ಕುತ್ತದೆಯಲ್ಲ, ಆ ಕುಕ್ಕಾಟವನ್ನು ಹೆಚ್ಚಿಸುವ ಭಾರ ಯಾವುದು? ದೋಣಿಯ ಗುರುತ್ವ ಕೇಂದ್ರದಿಂದ ದೂರ ಇರುವುದು. ಅದರ ಪರಿಣಾಮ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ನಿಮ್ಮ ಮೇಜು ಕೇಂದ್ರದಿಂದ ಹೆಚ್ಚೆಂದರೆ ಅರ್ಧ ಮೀಟರ್ ಆಚೆಗಿದೆ. ಮೂತಿಯ ಪೆಟ್ಟಿಗೆಯಲ್ಲಿರುವ ಲಂಗರಿನ ಸರಪಳಿ ನಾಲ್ಕೂವರೆ ಮೀಟರ್ ದೂರದಲ್ಲಿದೆ. ಒಂಬತ್ತು ಪಟ್ಟು ದೂರ, ಅಂದರೆ ಕಿಲೋ ಒಂದಕ್ಕೆ ಎಂಬತ್ತೊಂದು ಪಟ್ಟು ಪರಿಣಾಮ. 8 ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 1.4 ಕಿಲೋ ತೂಗುತ್ತದೆ. ಮೂವತ್ತು ಮೀಟರ್ ಇದ್ದರೆ ನಲವತ್ತೆರಡು ಕಿಲೋ. ಮಿಷಿಗನ್ ಸರೋವರದ ಅಲೆಗಳು ಸಮುದ್ರದ ಉದ್ದನೆಯ ಅಲೆಗಳಂತಲ್ಲ. ಒಂದರ ಬೆನ್ನಿಗೆ ಒಂದು, ಕಡಿದಾಗಿ ಬರುತ್ತವೆ. ಅಲ್ಲಿ ಮೂತಿಯ ಭಾರ ಪ್ರತಿ ಅಲೆಗೂ ದೋಣಿಯನ್ನು ತಡೆಯುತ್ತದೆ. ಆದ್ದರಿಂದ ನಿಜವಾಗಿ ವೇಗವೇ ಬೇಕಾಗಿದ್ದರೆ ಮೇಜನ್ನು ಮುಟ್ಟುವ ಮೊದಲು ಮೂತಿಯ ಪೆಟ್ಟಿಗೆ ತೆರೆಯಿರಿ. ಪಂದ್ಯದ ನಿಯಮ ಲಂಗರು ಎಲ್ಲಿರಬೇಕೆನ್ನುತ್ತದೆ ಎಂದು ಓದಿಕೊಂಡು, ಅನುಮತಿ ಇದ್ದಷ್ಟು ಸರಪಳಿಯನ್ನು ಕೂವೆಯ (ಹಾಯಿ ಕಟ್ಟುವ ಕಂಬದ) ಬುಡದ ಹತ್ತಿರ ತಂದು ಬಿಗಿಯಿರಿ. ನೀರಿನ ಟ್ಯಾಂಕಿನಲ್ಲಿ ಬುಧವಾರದ ಪಂದ್ಯಕ್ಕೆ ಇನ್ನೂರು ಲೀಟರ್ ಹೊತ್ತು ತಿರುಗುತ್ತಿದ್ದರೆ ಅದು ಎಂಟು ಮೇಜುಗಳ ತೂಕ. ಹಿಂಬದಿಯ ಗೂಡಿನಲ್ಲಿ ಹಿಂದಿನ ಮಾಲೀಕರು ಬಿಟ್ಟುಹೋದ ಹಗ್ಗ, ಬಣ್ಣದ ಡಬ್ಬಿ, ತುಕ್ಕು ಹಿಡಿದ ಉಪಕರಣಗಳು ಇರುತ್ತವೆ. ಅವನ್ನೆಲ್ಲ ಒಂದು ಶನಿವಾರ ಕಟ್ಟೆಯ ಮೇಲೆ ಹರವಿ ತೂಗಿ. ಸಂಖ್ಯೆ ನೋಡಿ ನಿಮ್ಮ ತಂಡದವರೇ ಮೇಜಿನ ಮಾತು ಬಿಡುತ್ತಾರೆ.

ಹಾಗಾದರೆ ಮೇಜು ಬದಲಿಸುವುದೇ ಬೇಡವೇ? ಬೇಕು, ಆದರೆ ಕಾರಣ ಬೇರೆ. ಪಂದ್ಯದಲ್ಲಿ ಕ್ಯಾಬಿನ್ ಎಂದರೆ ಕೆಲಸದ ಅಂಗಳ. ಗಾಳಿ ಹಿಂದಿನಿಂದ ಬೀಸುವಾಗ ಏರಿಸುವ ದೊಡ್ಡ ಸ್ಪಿನ್ನೇಕರ್ ಹಾಯಿಯನ್ನು ಇಳಿಸಿದಾಗ ನೂರು ಚದರ ಮೀಟರಿನಷ್ಟು ಒದ್ದೆ ಬಟ್ಟೆ ಬಾಗಿಲಿನಿಂದ ಒಳಗೆ ಸುರಿಯುತ್ತದೆ. ಅದರ ಅಂಚು ಹುಡುಕಿ, ಮೂಲೆಗಳನ್ನು ಬೇರ್ಪಡಿಸಿ ಮತ್ತೆ ಚೀಲಕ್ಕೆ ತುಂಬಬೇಕು. ನಡುವೆ ಬಾಟಲಿಪೆಟ್ಟಿಗೆಯ ಮೇಜು ಇದ್ದರೆ ಬಟ್ಟೆ ಅದರ ಕಾಲಿಗೆ, ಕೊಂಡಿಗೆ, ರೆಕ್ಕೆಯ ಮೂಲೆಗೆ ಸಿಕ್ಕುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಜಾಗವೇ ಇಲ್ಲಿ ನಿಜವಾದ ಲಾಭ. ಒಂದು ಗುರುತಿಗೂ ಮುಂದಿನ ಗುರುತಿಗೂ ನಡುವೆ ಹಾಯಿ ಮಡಚುವವರು ಎರಡು ನಿಮಿಷ ಮೊದಲು ಮೇಲೆ ಬಂದರೆ, ಆ ಎರಡು ನಿಮಿಷ ಅವರ ಭಾರ ಗಾಳಿ ಬರುವ ಬದಿಯ ಅಂಚಿನಲ್ಲಿ, ದೋಣಿ ವಾಲುವುದನ್ನು ತಡೆಯುತ್ತಾ ಇರುತ್ತದೆ. ಆ ಎಪ್ಪತ್ತು ಎಂಬತ್ತು ಕಿಲೋ ಸರಿಯಾದ ಜಾಗದಲ್ಲಿ ಕೂತರೆ ನೀವು ಉಳಿಸುವ ಹತ್ತೊಂಬತ್ತು ಕಿಲೋಗಿಂತ ಎಷ್ಟೋ ಹೆಚ್ಚು ಉಪಯೋಗ.

ಈಗ ನಾನು ಗಟ್ಟಿಯಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ದೋಣಿಯ ಮೇಜಿನ ಮೊದಲ ಕೆಲಸ ತಟ್ಟೆ ಹೊರುವುದಲ್ಲ, ಬೀಳುವ ಮನುಷ್ಯನನ್ನು ತಡೆಯುವುದು. ನಿಮ್ಮ ಕ್ಯಾಬಿನ್ ಅಗಲ ಮೂರು ಮೀಟರಿನ ಹತ್ತಿರ ಇದೆ. ದೋಣಿ ಇಪ್ಪತ್ತೈದು ಡಿಗ್ರಿ ವಾಲಿ ಓಡುತ್ತಿರುವಾಗ ಏಣಿ ಇಳಿದು ಬಂದವರು ಕೈ ಚಾಚಿದರೆ ಮೊದಲು ಸಿಗುವುದು ಮೇಜಿನ ಅಂಚು. ಅದು ಇಲ್ಲದಿದ್ದರೆ ಗಾಳಿ ಬರುವ ಬದಿಯ ಮಲಗುವ ಬಂಕಿನಿಂದ ಎದ್ದವರು ನೇರವಾಗಿ ಎದುರು ಬದಿಯ ಗೂಡಿಗೆ ಬಡಿಯುತ್ತಾರೆ.

ಲೆಕ್ಕ ಇಲ್ಲೂ ಸಹಾಯಕ್ಕೆ ಬರುತ್ತದೆ. ಎಂಬತ್ತು ಕಿಲೋ ತೂಕದವರು ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ಜಾರಿ ಬಂದು ಮೇಜಿಗೆ ಒರಗಿದರು ಎನ್ನಿ. ಐದು ಸೆಂಟಿಮೀಟರ್ ಅಂತರದಲ್ಲಿ ನಿಂತರು ಎನ್ನಿ. ಆ ಗಳಿಗೆ ಮೇಜಿನ ಮೇಲೆ ಅಡ್ಡಲಾಗಿ ಬೀಳುವ ಬಲ ಏಳುನೂರು ಕಿಲೋ ಭಾರಕ್ಕೆ ಸಮ. ಹಳೆಯ ಮೇಜು ಅಷ್ಟು ತೂಕವಿರುವುದಕ್ಕೆ ಇದೂ ಒಂದು ಕಾರಣ. ಮಾಡಿದವರು ಏನೂ ತಿಳಿಯದೆ ದಪ್ಪ ಮಾಡಿರಲಿಲ್ಲ.

ಇದನ್ನು ನಾನು ಕಲಿತದ್ದು ಸುಲಭವಾಗಿ ಅಲ್ಲ. ದೋಣಿಗಳ ಒಳಗಿನ ಮರಗೆಲಸ ಶುರು ಮಾಡಿದ ಮೊದಲ ವರ್ಷಗಳಲ್ಲಿ ಒಬ್ಬರಿಗೆ ಬಹಳ ಹಗುರವಾದ ಮೇಜು ಮಾಡಿಕೊಟ್ಟೆ. ನಡುವೆ ಫೋಮ್, ಎರಡೂ ಬದಿಗೆ ಗಾಜಿನಾರಿನ (ಫೈಬರ್‌ಗ್ಲಾಸ್) ಬಟ್ಟೆ, ನಾಲ್ಕು ಕಿಲೋ ಕೂಡ ಇರಲಿಲ್ಲ. ಎತ್ತಿ ನೋಡಿದವರೆಲ್ಲ ಹೊಗಳಿದರು. ಕಾಲು ಕೂರಿಸುವ ಬೋಲ್ಟುಗಳ ಕೆಳಗೆ ಫೋಮ್ ತೆಗೆದು ಗಟ್ಟಿ ವಸ್ತು ತುಂಬಬೇಕೆಂದು ಗೊತ್ತಿತ್ತು; ತುಂಬಿದ್ದೆ, ಆದರೆ ಬೋಲ್ಟಿನ ಸುತ್ತ ಬೆರಳಗಲ ಮಾತ್ರ. ಆ ಬೇಸಿಗೆ ಒಂದು ರಾತ್ರಿ ದೋಣಿ ಥಟ್ಟನೆ ವಾಲಿದಾಗ ಒಬ್ಬರು ಮೇಜಿನ ಮೇಲೆ ಬಿದ್ದರು. ಬೋಲ್ಟು ಗಾಜಿನಾರಿನ ಪದರವನ್ನು ಸೀಳಿಕೊಂಡು ಹೊರಬಂತು, ಮೇಜು ಅವರ ಜೊತೆಯೇ ಹೋಯಿತು. ಎರಡು ಪಕ್ಕೆಲುಬು ಮುರಿದವು. ಮೇಜು ಇಲ್ಲದಿದ್ದರೆ ಅವರು ಅದನ್ನು ನಂಬಿ ಕೈ ಚಾಚುತ್ತಿರಲಿಲ್ಲ. ಗಟ್ಟಿಯಾದ ಮೇಜು ಇರಬಹುದು, ಮೇಜೇ ಇಲ್ಲದಿರಬಹುದು. ಗಟ್ಟಿಯಾಗಿರುವಂತೆ ಕಾಣುವ ಮೇಜು ಮಾತ್ರ ಇರಬಾರದು.

ಹಾಗಾಗಿ ನಿಮಗೆ ನಾನು ಸೂಚಿಸುವುದು ಮೇಜಿನ ಎರಡು ಕೆಲಸಗಳನ್ನು ಬೇರೆ ಬೇರೆ ಮಾಡುವುದನ್ನು. ಹಿಡಿದುಕೊಳ್ಳುವುದಕ್ಕೆ ಕದಲದ ಕಂಬ. ಊಟಕ್ಕೆ ಹಗುರವಾದ, ಒಂದು ನಿಮಿಷದಲ್ಲಿ ಬಿಚ್ಚಿ ಪಕ್ಕಕ್ಕಿಡಬಹುದಾದ ಹಲಗೆ.

ಕಂಬ ಹೀಗಿರಲಿ: 38 ಮಿಲಿಮೀಟರ್ ವ್ಯಾಸದ, 3 ಮಿಲಿಮೀಟರ್ ದಪ್ಪ ಗೋಡೆಯ ಅಲ್ಯೂಮಿನಿಯಂ ಕೊಳವೆ, ನೆಲದಿಂದ ಚಾವಣಿಯವರೆಗೆ. ಎರಡು ಮೀಟರಿಗೆ ಸ್ವಲ್ಪ ಕಡಿಮೆ ಉದ್ದ, ತೂಕ ಒಂದೂಮುಕ್ಕಾಲು ಕಿಲೋ. ಇದು ಹಳೆಯ ಮೇಜಿನ ಹಿಂತುದಿ ಇದ್ದ ಜಾಗದಲ್ಲಿ, ಏಣಿಯಿಂದ ಇಳಿದವರ ಕೈಗೆ ಎಟುಕುವಂತೆ ನಿಲ್ಲಬೇಕು. ಬುಡವನ್ನು ನೆಲದ ಹಲಗೆಗೆ ಮಾತ್ರ ತಿರುಪಿನಿಂದ ಕೂರಿಸಬೇಡಿ. ಆ ಹಲಗೆಗಳು ಎತ್ತಿ ತೆಗೆಯುವಂಥವು, ಕೆಳಗಿನ ನೀರು ನೋಡಲು, ಕೀಲ್ (ದೋಣಿಯ ಅಡಿಯಲ್ಲಿರುವ ಭಾರದ ಭಾಗ) ಹಿಡಿದಿರುವ ಬೋಲ್ಟು ಪರೀಕ್ಷಿಸಲು. ಹಲಗೆಯ ಕೆಳಗೆ ದೋಣಿಯ ಅಡ್ಡಪಟ್ಟಿಗಳ ಚೌಕಟ್ಟು ಇರುತ್ತದೆ. ಹಳೆಯ ಮೇಜಿನ ಬೋಲ್ಟುಗಳು ಎಲ್ಲಿಗೆ ಹೋಗಿದ್ದವು ನೋಡಿದರೆ ಅದು ಸಿಗುತ್ತದೆ. ಅಲ್ಲಿಗೇ ಬಿಗಿಯಿರಿ, ಕೆಳಗೊಂದು ಅಗಲವಾದ ಪಟ್ಟಿ ಇಟ್ಟು. ಮೇಲ್ತುದಿ ಕಷ್ಟದ ಭಾಗ. ಚಾವಣಿಯ ಒಳಹೊದಿಕೆ ಬರೀ ಅಲಂಕಾರ, ಅದಕ್ಕೆ ತಿರುಪು ಹಾಕಿದರೆ ಏನೂ ಹಿಡಿದಂತಲ್ಲ. ಹೊದಿಕೆ ತೆಗೆದು ಡೆಕ್ಕಿನ ಗಟ್ಟಿ ಭಾಗವನ್ನು ಹುಡುಕಬೇಕು, ಡೆಕ್ ಮೇಲಿನ ಕೈಕಂಬಿಯ ಬೋಲ್ಟುಗಳು ಹತ್ತಿರದಲ್ಲಿದ್ದರೆ ಆ ಸಾಲಿಗೇ ಸೇರಿಸಬಹುದು. ಡೆಕ್ ನಡುವೆ ಬಾಲ್ಸಾ ಮರವೋ ಫೋಮೋ ಇದ್ದರೆ ತೂತಿನ ಸುತ್ತ ಅದನ್ನು ಕೆರೆದು ತೆಗೆದು ದಪ್ಪಗೆ ಕಲಸಿದ ಎಪಾಕ್ಸಿ ಅಂಟು ತುಂಬಿ, ಒಣಗಿದ ಮೇಲೆ ಮತ್ತೆ ಕೊರೆಯಿರಿ. ಈ ಹಂತ ಬಿಟ್ಟವರ ಡೆಕ್ಕಿನೊಳಗೆ ನೀರು ಇಳಿದು ಬಾಲ್ಸಾ ಕೊಳೆಯುತ್ತದೆ, ಮೂರು ವರ್ಷ ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನು ಓದುವ ಬೇರೆ ದೋಣಿಗಳ ಮಾಲೀಕರಿಗೆ ಒಂದು ಎಚ್ಚರಿಕೆ. ಕೂವೆ ಡೆಕ್ ಮೇಲೆ ನಿಂತಿರುವ ದೋಣಿಗಳಲ್ಲಿ ಅದರ ಒತ್ತಡವನ್ನು ಕೀಲ್‌ಗೆ ಇಳಿಸುವ ಕಂಬವೇ ಕೆಲವೊಮ್ಮೆ ಮೇಜಿನ ಕಾಲಿನಂತೆ ಕಾಣುತ್ತದೆ. ಅದನ್ನು ಮುಟ್ಟಬೇಡಿ. ನಿಮ್ಮ ಮೇಜು ಪೂರ್ತಿಯಾಗಿ ಬಿಚ್ಚಿ ಬಂದಿದೆ, ದೋಣಿಯೂ ದಡದಲ್ಲಿದೆ. ಆದರೂ ಕೂವೆ ನಿಲ್ಲಿಸುವ ಮೊದಲು ಅದರ ಬುಡ ಎಲ್ಲಿ ಕೂರುತ್ತದೆ ಎಂದು ಒಮ್ಮೆ ನೋಡಿಬಿಡಿ. ಕೂವೆ ಕ್ಯಾಬಿನ್ ಮೂಲಕ ಕೆಳಗೆ ಇಳಿಯುತ್ತಿದ್ದರೆ ಹೊಸ ಹಲಗೆಯ ಮುಂತುದಿಯನ್ನು ಅದಕ್ಕೆ ಒರಗಿಸಬಹುದು. ಕೂವೆಗೆ ಮಾತ್ರ ತೂತು ಕೊರೆಯಬೇಡಿ: ಒಳಗೆ ದೀಪದ ತಂತಿಗಳಿವೆ, ಮೇಲಾಗಿ ಒಂದು ತೂತು ಎಂದರೆ ಬಿರುಕು ಹುಟ್ಟಲು ಒಂದು ಜಾಗ. ಎರಡು ಹೋಳಿನ ಪಟ್ಟಿಯನ್ನು ರಬ್ಬರಿನ ಮೇಲೆ ಸುತ್ತಿ ಬಿಗಿದರೆ ಸಾಕು.

ಇನ್ನು ಹಲಗೆ. ನೀವು ಕಾರ್ಬನ್ ಕೇಳಿದ್ದೀರಿ. ನನ್ನ ಉತ್ತರ: ಬೇಡ. ರೆಕ್ಕೆ ಬಿಚ್ಚಿದಾಗ 110 ಸೆಂಟಿಮೀಟರ್ ಉದ್ದ, 80 ಸೆಂಟಿಮೀಟರ್ ಅಗಲ ಎಂದಿಟ್ಟುಕೊಳ್ಳೋಣ. 18 ಮಿಲಿಮೀಟರ್ ದಪ್ಪ ಪ್ಲೈವುಡ್ಡಿನಲ್ಲಿ ಈ ಹಲಗೆ ಹತ್ತು ಕಿಲೋ. ಫೋಮ್ ಮತ್ತು ಗಾಜಿನಾರಿನಲ್ಲಿ ಅಂಚು, ತುಂಬಿದ ಭಾಗಗಳೆಲ್ಲ ಸೇರಿ ಮೂರೂವರೆ ಕಿಲೋ. ಗಾಜಿನ ಬದಲು ಕಾರ್ಬನ್ ಹಾಕಿದರೆ ಅದರಿಂದ ಅರ್ಧ ಕಿಲೋ ಇಳಿಯಬಹುದು, ಬಟ್ಟೆಯ ಬೆಲೆ ಹಲವು ಪಟ್ಟು ಏರುತ್ತದೆ. ಕಾರ್ಬನ್ ಅಲ್ಯೂಮಿನಿಯಮ್ಮಿಗೆ ತಾಗಿ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ನಡುವೆ ಗಾಜಿನಾರಿನ ಪದರ ಬೇಕೇ ಬೇಕು. ಸಿಹಿನೀರಿನ ಸರೋವರದಲ್ಲಿ ಇದು ನಿಧಾನ, ಆದರೆ ಆಗುತ್ತದೆ.

ನಾನೇ ಆಗಿದ್ದರೆ ಆಯ್ದುಕೊಳ್ಳುವುದು ಓಕುಮೆ ಮರದ ಮೆರೈನ್ ಪ್ಲೈವುಡ್, 9 ಮಿಲಿಮೀಟರ್. ಮಧ್ಯ ಆಫ್ರಿಕಾದ ಪಶ್ಚಿಮ ಕರಾವಳಿಯ, ಮುಖ್ಯವಾಗಿ ಗ್ಯಾಬೊನ್ ದೇಶದ ಈ ಮರ ಹಗುರ. ಬಿಎಸ್ 1088 ಎಂಬ ಬ್ರಿಟಿಷ್ ಮಾನದಂಡದ ಗುರುತು ಇರುವ ಹಲಗೆ ಕೇಳಿ. ನಿಮ್ಮ ಅಳತೆಗೆ ಇದು ಮೂರೂವರೆ ಕಿಲೋ ಚಿಲ್ಲರೆ. ಕೆಳಗೆ ಸ್ಪ್ರೂಸ್ ಮರದ ನಾಲ್ಕು ಪಟ್ಟಿ, ಅಂಚುಗಟ್ಟು, ಎರಡು ರೆಕ್ಕೆಗಳ ಕೀಲುಗಳು ಸೇರಿದರೆ ಐದು ಕಿಲೋ ಆಸುಪಾಸು. ಕಂಬವೂ ಸೇರಿ ಏಳು ಕಿಲೋ ಒಳಗೆ ಮುಗಿಯುತ್ತದೆ. ಫೋಮಿನ ಮೇಜಿಗಿಂತ ಒಂದೂವರೆ ಕಿಲೋ ಜಾಸ್ತಿ, ಆದರೆ ತಿರುಪು ಎಲ್ಲಿ ಬೇಕಾದರೂ ಹಿಡಿಯುತ್ತದೆ, ಪೆಟ್ಟು ಬಿದ್ದ ಕಡೆ ಕಣ್ಣಿಗೆ ಕಾಣುತ್ತದೆ, ನಿಮ್ಮ ಮನೆಯಲ್ಲೇ ಮಾಡಬಹುದು. ಊರಿನಿಂದ ಯಾರಾದರೂ ಭಾರತೀಯ ಮಾನದಂಡವಾದ ಐಎಸ್ 710 ಗುರುತಿನ ಮೆರೈನ್ ಪ್ಲೈ ಒಳ್ಳೆಯದು ಎಂದಾರು. ನೀರು ತಡೆಯುವುದರಲ್ಲಿ ಅದು ನಿಜ. ಆದರೆ ಅದು ಗಟ್ಟಿ ಮರದ್ದು, ಓಕುಮೆಗಿಂತ ಬಹಳ ಭಾರ. ನಮ್ಮ ಮನೆಯ ಅಡುಗೆಕೋಣೆಗೆ ಅದು ಸರಿ, ಇಲ್ಲಿಗೆ ಅಲ್ಲ.

ಅಳತೆಗೆ ಹಳೆಯ ಮೇಜನ್ನೇ ನಂಬಬೇಡಿ. ದಪ್ಪ ರಟ್ಟನ್ನು ಕತ್ತರಿಸಿ ಕ್ಯಾಬಿನ್ನಿನಲ್ಲಿ ಪೆಟ್ಟಿಗೆಗಳ ಮೇಲಿಟ್ಟು, ಎಲ್ಲರನ್ನೂ ಸುತ್ತ ಕೂರಿಸಿ ನೋಡಿ. ಮೊಣಕಾಲಿಗೆ ಜಾಗವಿದೆಯೇ? ಅನ್ನ, ಹುಳಿಯ ಪಾತ್ರೆ ನಡುವೆ ಇಟ್ಟರೆ ಎರಡೂ ಕಡೆಯವರಿಗೆ ಕೈ ಎಟುಕುತ್ತದೆಯೇ? ಬಹಳಷ್ಟು ಸಲ ಹಳೆಯದಕ್ಕಿಂತ ಒಂದು ಗೇಣು ಕಿರಿದಾದ ಮೇಜೇ ಸಾಕೆಂದು ತಿಳಿಯುತ್ತದೆ. ಮೂಲೆಗಳನ್ನು ಕನಿಷ್ಠ 5 ಸೆಂಟಿಮೀಟರ್ ತ್ರಿಜ್ಯದಲ್ಲಿ ಗುಂಡಗೆ ಮಾಡಿ. ಅಂಚುಗಟ್ಟು 2 ಸೆಂಟಿಮೀಟರ್ ಎತ್ತರ ಇರಲಿ, ಲೋಟ ಜಾರದಂತೆ. ಮೂಲೆಗಳಲ್ಲಿ ಮಾತ್ರ ಅದನ್ನು ತೆರೆದುಬಿಡಿ, ಒರೆಸುವಾಗ ಅಗಳು ಅಲ್ಲೇ ಸೇರಿಕೊಳ್ಳದಂತೆ.

ಎಪಾಕ್ಸಿ ಕೆಲಸಕ್ಕೆ ಷಿಕಾಗೋದ ಚಳಿಗಾಲ ಒಳ್ಳೆಯದಲ್ಲ. ಹತ್ತು ಡಿಗ್ರಿಗಿಂತ ಕೆಳಗೆ ಸಾಮಾನ್ಯ ಎಪಾಕ್ಸಿ ಗಟ್ಟಿಯಾಗುವುದೇ ಕಷ್ಟ, ದಿನಗಟ್ಟಲೆ ಅಂಟಂಟಾಗಿ ಉಳಿಯುತ್ತದೆ. ಹಲಗೆಯ ಕೆಲಸವನ್ನು ಬೆಚ್ಚಗಿರುವ ನೆಲಮಾಳಿಗೆಯಲ್ಲಿ, ಕಿಟಕಿ ತೆರೆದು, ಕೈಗವಸು ಹಾಕಿ ಮಾಡಿ. ಕಂಬದ ಕೆಲಸವನ್ನು ಏಪ್ರಿಲ್ ಕೊನೆಯವರೆಗೆ ತಡೆಯಿರಿ. ಹಲಗೆಗೆ ಬಳಿದ ಎಪಾಕ್ಸಿಯ ಒಂದು ಕೋಟು ಒಣಗಿದ ಮೇಲೆ ಮೇಣದಂಥ ಜಿಡ್ಡು ಮೇಲೆ ಕೂತಿರುತ್ತದೆ. ಅದನ್ನು ಬಿಸಿನೀರಿನಲ್ಲಿ ಒರೆಸಿ ತೆಗೆಯದೆ ಮರಳುಕಾಗದ ಉಜ್ಜಿದರೆ ಜಿಡ್ಡು ಎಪಾಕ್ಸಿಯ ಗೀರುಗಳೊಳಕ್ಕೆ ಹೋಗಿ, ಮೇಲಿನ ವಾರ್ನಿಷ್ ಸುಲಿಯುತ್ತದೆ.

ನಿಯಮದ ಮಾತು ಚಿಕ್ಕದು, ಆದರೆ ಬಿಡಬೇಡಿ. ನಿಮ್ಮ ದೋಣಿ ಪಿಎಚ್‌ಆರ್‌ಎಫ್ ಹೊಂದಾಣಿಕೆ ಅಂಕದಲ್ಲಿ (ಬೇರೆ ಬೇರೆ ಬಗೆಯ ದೋಣಿಗಳನ್ನು ಪಂದ್ಯದಲ್ಲಿ ಸಮ ಮಾಡಲು ಕೊಡುವ ಅಂಕ) ಓಡುತ್ತಿದ್ದರೆ, ಆ ಅಂಕ ಕೊಡುವಾಗ ಕಾರ್ಖಾನೆಯಿಂದ ಬಂದ ಒಳಾಂಗಣ ಹಾಗೇ ಇದೆ ಎಂದು ಭಾವಿಸಿರುತ್ತಾರೆ. ಹಳೆಯ ಮತ್ತು ಹೊಸ ಮೇಜಿನ ತೂಕವನ್ನು ಬರೆದು ಸ್ಥಳೀಯ ಅಂಕ ಸಮಿತಿಗೆ ಮೊದಲೇ ತಿಳಿಸಿ. ದೋಣಿಯನ್ನು ಅಳೆದು ಅಂಕ ಕೊಡುವ ಓಆರ್‌ಸಿ ಪದ್ಧತಿಯ ಪ್ರಮಾಣಪತ್ರ ಇದ್ದರೆ ದೋಣಿಯ ತೂಕವನ್ನು ತೇಲುವ ಮಟ್ಟದಿಂದ ಅಳೆದಿರುತ್ತಾರೆ. ಅಳೆದ ಮೇಲೆ ಒಳಗಿನದನ್ನು ಬದಲಿಸಿದರೆ ಅದೂ ಹೇಳಬೇಕಾದ ವಿಷಯ. ಒಂದೇ ಮಾದರಿಯ ದೋಣಿಗಳ ವರ್ಗದಲ್ಲಿ ಓಡುವವರಾದರೆ ಇನ್ನೂ ಕಟ್ಟುನಿಟ್ಟು: ಅಲ್ಲಿ ಸಾಮಾನ್ಯವಾಗಿ ಬರೆದು ಅನುಮತಿಸಿಲ್ಲದ ಬದಲಾವಣೆ ನಿಷಿದ್ಧ ಎಂದೇ ಅರ್ಥ. ಹಳೆಯ ಮೇಜನ್ನು ಮಾರಬೇಡಿ, ಕೊಡಬೇಡಿ. ನಾಳೆ ದೋಣಿ ಮಾರುವಾಗ ಕೊಳ್ಳುವವರು ಅದನ್ನು ಕೇಳುತ್ತಾರೆ.

ಪಂದ್ಯದಲ್ಲಿ ಬಿಚ್ಚಿದ ಹಲಗೆ ಎಲ್ಲಿರಬೇಕು? ದಡದಲ್ಲಿ ಬಿಟ್ಟುಹೋಗಬೇಡಿ, ಅಂಕದ ಲೆಕ್ಕಕ್ಕೆ ಅದು ದೋಣಿಯ ಭಾಗ. ಬಂಕಿನ ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಮಲಗಿಸಿ, ಎರಡು ಕಡೆ ಪಟ್ಟಿಯಿಂದ ಬಿಗಿಯಿರಿ. ಸುಮ್ಮನೆ ತುರುಕಿ ಇಡಬೇಡಿ. 1979ರಲ್ಲಿ ಬ್ರಿಟನ್ನಿನ ಫಾಸ್ಟ್‌ನೆಟ್ ದೂರಪಂದ್ಯದ ಬಿರುಗಾಳಿಯಲ್ಲಿ 15 ಸ್ಪರ್ಧಿಗಳು ಸತ್ತರು. ಅಂದು ಮಗುಚಿ ಎದ್ದ ದೋಣಿಗಳ ಒಳಗೆ ಬ್ಯಾಟರಿ, ಒಲೆ, ಪಾತ್ರೆಗಳೆಲ್ಲ ಕಿತ್ತು ಹಾರಾಡಿದ್ದವು. ಅದಕ್ಕೇ ಇಂದಿನ ದೂರಪಂದ್ಯಗಳ ಸುರಕ್ಷತಾ ನಿಯಮಗಳು ಬ್ಯಾಟರಿ, ಒಲೆ, ಉಪಕರಣದ ಪೆಟ್ಟಿಗೆಯಂಥ ಭಾರದ ವಸ್ತುಗಳು ದೋಣಿ ಪೂರ್ತಿ ತಲೆಕೆಳಗಾದರೂ ಕದಲಬಾರದು ಎನ್ನುತ್ತವೆ. ಐದು ಕಿಲೋದ ಹಲಗೆಗೂ ಅದೇ ಕಟ್ಟು ಇರಲಿ. ಷಿಕಾಗೋದಿಂದ ಮ್ಯಾಕಿನಾ ದ್ವೀಪಕ್ಕೆ 333 ಮೈಲಿ, ನಿಮ್ಮ ದೋಣಿಗೆ ಎರಡು ರಾತ್ರಿಯಾದರೂ ಬೇಕು, ಜುಲೈ ತಿಂಗಳ ಗುಡುಗುಮಳೆ ಮಿಷಿಗನ್ ಸರೋವರದ ಮೇಲೆ ಹೇಳದೆ ಬರುತ್ತದೆ. 2011ರ ಪಂದ್ಯದಲ್ಲಿ ಅಂಥ ಮಳೆಗಾಳಿಗೆ ಒಂದು ದೋಣಿ ಮಗುಚಿ ಇಬ್ಬರು ತೀರಿಕೊಂಡರು.

ಮೇ ತಿಂಗಳಲ್ಲಿ ದೋಣಿ ನೀರಿಗೆ ಇಳಿಸುವ ಮುನ್ನ ಕಂಬವನ್ನು ಪರೀಕ್ಷಿಸಿ. ಎದೆಯ ಎತ್ತರಕ್ಕೆ ಹಗ್ಗ ಕಟ್ಟಿ, ಇಬ್ಬರು ಗೆಳೆಯರು ಪೂರ್ತಿ ಮೈಭಾರ ಹಾಕಿ ಎಡಕ್ಕೆ ಎಳೆಯಲಿ, ಮತ್ತೆ ಬಲಕ್ಕೆ. ಬುಡದಲ್ಲಿ ಕಿರ್ ಎಂದರೆ, ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಸರಿದರೆ ಮತ್ತೆ ಬಿಚ್ಚಿ ಸರಿಪಡಿಸಿ. ನೂರೈವತ್ತು ಕಿಲೋಗೇ ಸರಿಯುವ ಕಂಬ ಏಳುನೂರಕ್ಕೆ ನಿಲ್ಲುವುದಿಲ್ಲ. ಅಲುಗದಿದ್ದರೆ, ಒದ್ದೆ ಕೈ ಜಾರದಂತೆ ಮೇಲೆ ತೆಳುವಾದ ಹತ್ತಿಯ ಹುರಿಯನ್ನು ಬಿಗಿಯಾಗಿ ಸುತ್ತಿ. ಎಷ್ಟು ಎತ್ತರದಿಂದ ಎಷ್ಟರವರೆಗೆ ಸುತ್ತಬೇಕೆಂದು ಈಗಲೇ ತೀರ್ಮಾನಿಸಬೇಡಿ. ತಾಯಿಯವರು ಬಂದಾಗ ಏಣಿಯ ಕೊನೆಯ ಮೆಟ್ಟಿಲಿನ ಮೇಲೆ ನಿಲ್ಲಿಸಿ, ಅವರ ಕೈ ತಾನಾಗಿ ಎಲ್ಲಿ ಹಿಡಿಯುತ್ತದೆ ನೋಡಿ. ಅಲ್ಲಿಂದ ಒಂದು ಮೊಳ ಮೇಲೆ, ಒಂದು ಮೊಳ ಕೆಳಗೆ ಸುತ್ತಿ.